ಜಮಖಾನೆಯ ಅಂಚು

ಹೋದ ವಾರ ನಮ್ಮ ಮನೆಯೊಡತಿ ದೊಡ್ಡ ಜಮಖಾನೆಯೊಂದನ್ನು ಒಗೆಸಿ ಹಿತ್ತಿಲ ಗೋಡೆಯ ಮೇಲೆ ಹರವಿದ್ದರು. ಅವರ ಪಡಸಾಲೆಯಲ್ಲಿ ತಿಂಗಳ ಕಾಲ ಶರಣರ ಪುರಾಣ ನಡೆದಿತ್ತು. ಸಿಂಧನೂರಿನ ಅರ್ಧ ಪೇಟೆ ಅದರ ಮೇಲೆ ಕೂತು ಎದ್ದಿತ್ತು. ಕೆಂಪು ನೀಲಿ ಪಟ್ಟೆಗಳಿಂದ ಕೊಳೆನೀರು ತೊಟ್ಟಿಕ್ಕುತ್ತಿತ್ತು. ಹಸಿ ನೂಲು, ಹಳೆಯ ಬೆವರು, ಸೋಪಿಗೂ ಬಗ್ಗದ ಇನ್ನೇನೋ ಒಂದು... ಎಲ್ಲ ಕೂಡಿದ ವಾಸನೆ ಕಿಟಕಿಯಿಂದ ನನ್ನ ಕೋಣೆಗೆ ಬಂತು. ಮಕ್ಕಳ ಉತ್ತರಪತ್ರಿಕೆ ನೋಡುತ್ತಾ ಕೂತಿದ್ದವಳು ಎದ್ದು ಕಿಟಕಿ ಮುಚ್ಚಿದೆ. ಅಷ್ಟರಲ್ಲಿ ತಡವಾಗಿತ್ತು. ವಾಸನೆಯ ಹಿಂದೆಯೇ ಒಂದು ಮುಖವೂ ಒಳಗೆ ಬಂದಿತ್ತು.

ಅದು ಲಿಂಗಸುಗೂರಿನ ಅಕ್ಕೋರ ಮುಖ.

ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುತ್ತಾರೆ. ಮಿಷನ್ ಆವರಣದಲ್ಲಿದ್ದ ಈ ಅಕ್ಕೋರು ಬೆಳಿಗ್ಗೆ ನಮಗೆ ಅಕ್ಷರ ಕಲಿಸುತ್ತಿದ್ದರು. ಮಧ್ಯಾಹ್ನ ಛತ್ರಿ ಹಿಡಿದು ಮನೆಮನೆಗೆ ಹೋಗಿ ವಾಕ್ಯ ಹೇಳುತ್ತಿದ್ದರು. ವಾಕ್ಯವೆಂದರೆ ನಮ್ಮ ಕ್ರೈಸ್ತರ ಮಾತಿನಲ್ಲಿ ದೇವರ ವಚನ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಹೊಳೆಯಾಚೆಯ ಬಳ್ಳಾರಿ ಸೀಮೆಯಿಂದ ಬಂದವರು. ಚರ್ಚಿಗೆ ಅಂಟಿಕೊಂಡ ಒಂದೇ ಕೋಣೆಯಲ್ಲಿ ಒಬ್ಬರೇ ಇದ್ದರು. ನಮ್ಮ ತಂದೆ ಅದೇ ಆವರಣದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದರಿಂದ ನಮ್ಮ ಮನೆಗೂ ಅವರ ಕೋಣೆಗೂ ನಡುವೆ ಒಂದು ಬೇವಿನ ಮರ ಮಾತ್ರ ಇತ್ತು.

ಅಷ್ಟು ಸ್ವಚ್ಛವಾದ ಮನುಷ್ಯರನ್ನು ನಾನು ಆಮೇಲೆ ಓದಲು ಹೋದ ಹೈದರಾಬಾದಿನಲ್ಲೂ ನೋಡಲಿಲ್ಲ. ಗಂಜಿ ಹಾಕಿದ ಬಿಳಿ ಸೀರೆ. ನೀರು ಕುಡಿಯುವುದಕ್ಕೆ ತಮ್ಮದೇ ಲೋಟ, ಚೀಲದಲ್ಲಿ. ಬೆಳಿಗ್ಗೆ ಪಾಠಕ್ಕೆ ಮೊದಲು ನಾವು ಸಾಲಾಗಿ ನಿಂತು ಕೈ ಚಾಚಬೇಕು. ಅವರು ಒಬ್ಬೊಬ್ಬರ ಉಗುರಿನ ಸಂದಿ ನೋಡುತ್ತಾ ಬರುವರು. ಮಣ್ಣು ಕಂಡರೆ ಹೊಡೆಯುತ್ತಿರಲಿಲ್ಲ. ಬೇವಿನ ಕಡ್ಡಿ ತೆಗೆದುಕೊಂಡು ತಾವೇ ಕೂತು, ನಮ್ಮ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಉಗುರನ್ನು ಕೆರೆದು ತೆಗೆಯುವರು. ಆಗ ಅವರ ಸೀರೆಯಿಂದ ಬಿಸಿಲಿನ ವಾಸನೆ ಬರುತ್ತಿತ್ತು. ನಾನು ಬೇಕೆಂದೇ ಉಗುರಿಗೆ ಮಣ್ಣು ತುಂಬಿಕೊಂಡು ಹೋದ ದಿನಗಳಿವೆ... ಅದನ್ನೂ ಇಲ್ಲಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಸರಿಯಾಗಿ ತಿಳಿಯುವುದಿಲ್ಲ.

ಮಸ್ಕಿಯ ಸಂತೆಗೆ ಅವರು ವಾಕ್ಯ ಹೇಳಲು ಹೋಗುವಾಗ ರಜೆಯಿದ್ದರೆ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಚಿತ್ರಗಳ ಸುರುಳಿ ಹೊರುವುದು ನನ್ನ ಕೆಲಸ. ಗುಡ್ಡದ ಬುಡದಲ್ಲಿ, ಮೆಣಸಿನಕಾಯಿ ರಾಶಿ ಹಾಕುವ ಹೆಂಗಸರ ಪಕ್ಕದಲ್ಲಿ ಒಂದು ಜಾಗ ಇತ್ತು. ಸುರುಳಿಯನ್ನು ಕಂಬಕ್ಕೆ ತೂಗುಹಾಕಿ ಅವರು ದನಿ ಎತ್ತುತ್ತಿದ್ದರು. ಪುಣ್ಯ ಮಾಡಿ ದೇವರನ್ನು ಕೊಳ್ಳುವುದಕ್ಕೆ ಆಗುವುದಿಲ್ಲ, ಉಪವಾಸದಿಂದ ಆಗುವುದಿಲ್ಲ, ದಾನದಿಂದ ಆಗುವುದಿಲ್ಲ, ರಕ್ಷಣೆ ಎನ್ನುವುದು ಕೃಪೆಯಿಂದ ಬರುವುದು, ಸುಮ್ಮನೆ ಕೈ ಚಾಚಬೇಕು ಅಷ್ಟೇ ಎಂದು ಹೇಳುವರು. ಸಂತೆಗೆ ತಿಳಿಯಲಿ ಎಂದು ಸಂತೆಯ ಮಾತಿನಲ್ಲೇ ಮುಗಿಸುವರು.

"ಪುಕ್ಕಟ್ಟೆ ಐತ್ರೆವ್ವಾ, ಪುಕ್ಕಟ್ಟೆ!"

ಮೆಣಸಿನಕಾಯಿ ಮುದುಕಿ ಪ್ರತಿ ಸಲವೂ ನಗುತ್ತಿದ್ದಳು. "ಪುಕ್ಕಟ್ಟೆ ಕೊಡೂದು ಯಾವುದೂ ಚಲೋ ಇರಂಗಿಲ್ರೀ ಅಕ್ಕೋರ. ನನ್ನ ಕಾಯಿ ನೋಡ್ರಿ, ಕೊಳತದ್ದು ಪುಕ್ಕಟ್ಟೆ, ಚಲೋದಕ್ಕ ರೊಕ್ಕ."

"ನಮ್ಮ ದೇವರು ನಿನ್ನಂಗ ವ್ಯಾಪಾರ ಮಾಡಂಗಿಲ್ಲವ್ವಾ."

"ಹಂಗಾರ ಮುಣಗತಾನ ತಗೋರಿ!"

ಸುತ್ತಲಿನವರೆಲ್ಲ ನಗುತ್ತಿದ್ದರು. ಅಕ್ಕೋರೂ ನಗುತ್ತಿದ್ದರು. ನಾನು ಆಗ ಆ ಮಾತನ್ನು ಪೂರ್ತಿ ನಂಬಿದ್ದೆ. ಗುಡ್ಡದ ನೆರಳು ಸಂತೆಯ ಮೇಲೆ ಬೀಳುವ ಹೊತ್ತಿಗೆ ಸುರುಳಿ ಸುತ್ತುವಾಗ, ಜಗತ್ತಿನಲ್ಲಿ ಒಂದಾದರೂ ಪುಕ್ಕಟೆ ಸಿಗುವುದಿದೆ ಎಂಬುದು ಹಿತವೆನಿಸುತ್ತಿತ್ತು.

ಲಿಂಗಸುಗೂರಿನ ಚರ್ಚಿನೊಳಗೆ ಬಂದರೆ ಲೆಕ್ಕ ಬೇರೆ ಇತ್ತು.

ಚರ್ಚಿನ ನೆಲಕ್ಕೆ ಶಹಾಬಾದಿ ಕಲ್ಲು. ಮುಂದಿನಿಂದ ಮುಕ್ಕಾಲು ಭಾಗದವರೆಗೆ ಕೆಂಪು ನೀಲಿ ಪಟ್ಟೆಯ ಜಮಖಾನೆ ಹಾಸುತ್ತಿದ್ದರು. ಅದು ಮುಗಿದಲ್ಲಿಂದ ಹಿಂದಿನ ಗೋಡೆಯವರೆಗೆ ಬರಿ ಕಲ್ಲು. ಜಮಖಾನೆಯ ಮೇಲೆ ಕೂತವರು ಕರ್ತನ ಭೋಜನಕ್ಕೆ, ಎಂದರೆ ತಿಂಗಳಿಗೊಮ್ಮೆ ಪಾದ್ರಿಯವರು ಹಂಚುವ ರೊಟ್ಟಿ ಮತ್ತು ದ್ರಾಕ್ಷಾರಸಕ್ಕೆ, ಅರ್ಹರು. ಏನಾದರೂ ತಪ್ಪು ಮಾಡಿ ಶಿಕ್ಷೆಗೆ ಒಳಗಾದವರು ಅಂಚಿನಿಂದಾಚೆ ಕಲ್ಲಿನ ಮೇಲೆ ಕೂರಬೇಕು. ಯಾರೂ ಇದನ್ನು ನಿಯಮವೆಂದು ಓದಿ ಹೇಳಿದ್ದಿಲ್ಲ. ಪಾದ್ರಿಯವರು ರಾಯಚೂರಿನಿಂದ ಬಸ್ಸಿನಲ್ಲಿ ಬಂದು ಹೋಗುವವರು. ಯಾರು ಎಲ್ಲಿ ಕೂರಬೇಕೆಂದು ಗೊತ್ತಿದ್ದವರು ಅಕ್ಕೋರು. ಆರಾಧನೆಗೆ ಮೊದಲು ಅವರು ಜಮಖಾನೆಯ ಅಂಚನ್ನು ಕಾಲಿನಿಂದ ನೇರ ಮಾಡುತ್ತಿದ್ದರು. ಮಡಿಕೆ ಬಿದ್ದಿದ್ದರೆ ಎಳೆದು ಬಿಡಿಸುತ್ತಿದ್ದರು. ಆ ಗೆರೆ ಸೊಟ್ಟಗಿರುವುದನ್ನು ನಾನು ಒಂದು ರವಿವಾರವೂ ನೋಡಲಿಲ್ಲ.

ಇನ್ನೊಂದು ಪದ್ಧತಿ ಹಿಡಿಜೋಳದ್ದು. ಅಡಿಗೆಗೆ ಜೋಳ ತೆಗೆಯುವಾಗೆಲ್ಲ ಒಂದು ಹಿಡಿ ದೇವರ ಹೆಸರಿನಲ್ಲಿ ಬೇರೆ ಕುಡಿಕೆಗೆ ಹಾಕಿ, ರವಿವಾರ ಅದನ್ನು ಚರ್ಚಿಗೆ ತಂದು ದೊಡ್ಡ ಬುಟ್ಟಿಗೆ ಸುರಿಯಬೇಕು. ಹೆಂಗಸರ ಕೈಯಲ್ಲಿ ಬೇರೆ ಏನೂ ಇರದಿದ್ದ ಮನೆಗಳಲ್ಲಿ ಅದೊಂದೇ ಅವರದ್ದೆಂಬ ಕಾಣಿಕೆ.

ಅಂಚಿನಿಂದಾಚೆ ಕೂರುತ್ತಿದ್ದವರಲ್ಲಿ ದವಾಖಾನೆಯ ಆಯಾ ಒಬ್ಬಳು. ರೋಗಿಗಳ ಮೈ ತೊಳೆಯುವುದು, ಮಲಮೂತ್ರದ ಪಾತ್ರೆ ಎತ್ತುವುದು ಅವಳ ಕೆಲಸ. ನಿಜಾಮರ ಆಳ್ವಿಕೆ ಮುಗಿದ ಆ ಗದ್ದಲದ ವರ್ಷ ಜನ ಊರೂರು ಬಿಟ್ಟು ಹೊಳೆ ದಾಟುತ್ತಿದ್ದಾಗ ಅವಳ ಗಂಡನೂ ದಾಟಿದ. ಶಾಂತವಾದ ಮೇಲೆ ಎಲ್ಲರೂ ತಿರುಗಿ ಬಂದರು, ಅವನು ಬರಲಿಲ್ಲ. ಸತ್ತನೆಂದು ಹೇಳುವವರಿಲ್ಲ, ಬದುಕಿದ್ದಾನೆಂದು ಹೇಳುವವರೂ ಇಲ್ಲ. ಸುದ್ದಿ ಬರುವ ತನಕ ಮರುಮದುವೆ ಆಗದು ಎಂದರು ಪಾದ್ರಿಯವರು. ದವಾಖಾನೆಯ ಹಿಂದಿನ ತಗಡಿನ ಕೋಣೆಯಲ್ಲಿ ಒಂದು ವರ್ಷ ಒಬ್ಬಳೇ ಇದ್ದಳು. ಬಾಗಿಲು ಬಡಿಯುವವರ ಕಾಟ ಹೆಚ್ಚಾದ ಮೇಲೆ, ಹೆಂಡತಿ ಸತ್ತಿದ್ದ ಒಬ್ಬ ಟಾಂಗಾದವನ ಮನೆಗೆ ಹೋಗಿ ಇದ್ದುಬಿಟ್ಟಳು. ಮುಂದಿನ ರವಿವಾರ ಅಕ್ಕೋರು ಅವಳ ಮೊಣಕೈ ಹಿಡಿದು, ಮೆತ್ತಗೆ, ಅಂಚಿನಿಂದಾಚೆ ಕೂರಿಸಿದರು.

ಅವಳು ಬರುವುದನ್ನು ಬಿಡಲಿಲ್ಲ. ಕಲ್ಲಿನ ಮೇಲೆ ಕೂತು ಎಲ್ಲರಿಗಿಂತ ಗಟ್ಟಿಯಾಗಿ, ರಾಗ ತಪ್ಪಿ, ಕೀರ್ತನೆ ಹಾಡುತ್ತಿದ್ದಳು. ರೊಟ್ಟಿಯ ತಟ್ಟೆ ಜಮಖಾನೆಯ ಅಂಚಿನವರೆಗೆ ಬಂದು ತಿರುಗಿ ಹೋಗುವಾಗ ಮಾತ್ರ ಹಾಡು ನಿಲ್ಲಿಸಿ ಅದನ್ನೇ ನೋಡುತ್ತಿದ್ದಳು. ಹಸಿದವರು ನೋಡುವ ಹಾಗೆ. ನನ್ನ ಕಣ್ಣು ಬೇರೆ ಕಡೆ ಹೋಗುತ್ತಿತ್ತು. ಒಮ್ಮೆ ನಮ್ಮ ತಾಯಿಯ ಹತ್ತಿರ ಕೇಳಿಯೂ ಕೇಳಿದ್ದಳು: "ಅಮ್ಮಾರ, ಸಾಯೂದ್ರಾಗ ಒಮ್ಮಿ ಆ ರೊಟ್ಟಿ ನನಗ ಸಿಗತೈತೇನ್ರಿ?" ನಮ್ಮ ತಾಯಿ ಅಕ್ಕೋರನ್ನು ಕೇಳು ಎಂದರು.

ಹಿಡಿಜೋಳವನ್ನೂ ತರುತ್ತಿದ್ದಳು. ಅದು ಜೋಳ ಸಿಗದ ವರ್ಷ. ಅವಳ ಕೊರಳೆಲುಬು ರವಿಕೆಯ ಮೇಲೆ ಎದ್ದು ಕಾಣುತ್ತಿತ್ತು. ಮೊದಲ ಸಲ ಅವಳು ಕುಡಿಕೆ ಹಿಡಿದು ಬುಟ್ಟಿಯ ಹತ್ತಿರ ಬಂದಾಗ ಅಕ್ಕೋರು ಮುಗುಳ್ನಕ್ಕು ಕುಡಿಕೆಯನ್ನು ತಾವೇ ತೆಗೆದುಕೊಂಡರು. ಚರ್ಚಿನ ಬಾಗಿಲಿಗೆ ಹೋಗಿ, ಎಲ್ಲರೂ ನೋಡುತ್ತಿರುವಂತೆ, ಅಂಗಳದ ಕೋಳಿಗಳಿಗೆ ಚೆಲ್ಲಿದರು. ಕುಡಿಕೆಯನ್ನು ಸೆರಗಿನಿಂದ ಒರೆಸಿ ಅವಳ ಕೈಗೆ ಕೊಟ್ಟರು.

"ಬ್ಯಾಸರ ಮಾಡ್ಕೋಬ್ಯಾಡವ್ವಾ. ನಿನ್ನ ಒಳ್ಳೇದಕ್ಕ ಮಾಡಾಕತ್ತೀನಿ. ಮನಸ್ಸಿಗೆ ಚುಚ್ಚಬೇಕು."

ಕೋಳಿಗಳು ಅಕ್ಕೋರವೇ. ಮುಂದಿನ ರವಿವಾರವೂ ಅವಳು ತಂದಳು, ಇವರು ಚೆಲ್ಲಿದರು. ಅದಕ್ಕೆ ಮುಂದಿನ ರವಿವಾರವೂ... ಕೊನೆಗೆ ಕೋಳಿಗಳೇ ಕಲಿತುಬಿಟ್ಟವು. ಆಯಾ ಆವರಣದೊಳಗೆ ಕಾಲಿಟ್ಟರೆ ಸಾಕು, ರೆಕ್ಕೆ ಬಡಿಯುತ್ತಾ ಓಡಿ ಬರುತ್ತಿದ್ದವು. ಜನ ನಗುತ್ತಿದ್ದರು. ಆ ನಗು, ಆ ಕೊಕ್ಕುಗಳು, ಅಕ್ಕೋರ ಆ ಮೃದುವಾದ ದನಿ... ಇಷ್ಟು ವರ್ಷದ ಮೇಲೂ ನೆನೆದರೆ ಬಾಯಲ್ಲಿ ಕಹಿನೀರು ಬರುತ್ತದೆ.

ನಾನು ಒಮ್ಮೆ ಕೇಳಿದೆ. ನನಗಾಗ ಹದಿನಾರು ನಡೆಯುತ್ತಿತ್ತು. ಸಂತೆಯಲ್ಲಿ ಪುಕ್ಕಟೆ ಎನ್ನುತ್ತೀರಿ, ಇಲ್ಲಿ ಯಾಕೆ ಹೀಗೆ ಎಂದೆ. ಅವರು ಸಿಟ್ಟಾಗಲಿಲ್ಲ.

"ಕೃಪಾ ಅನ್ನೂದು ಬಾಗಿಲವ್ವಾ. ಯಾರ್ ಬೇಕಾದ್ರೂ ಬರಬಹುದು. ಒಳಗ ಬಂದ್ ಮ್ಯಾಲ ಕಾಲ್ ತೊಳಕೊಂಡು ಬರಬೇಕಲಾ? ಮನಿ ಹೊಲಸ್ ಮಾಡಾಕ ಬಿಡಾಕ ಆಕ್ಕೈತೇನು?"

ಹೇಳುತ್ತಾ ನನ್ನ ಕೈ ಹಿಡಿದು ಉಗುರು ನೋಡಿದರು. ನಾನು ಕೈ ಎಳೆದುಕೊಂಡೆ. ಆಮೇಲೆ ಮಸ್ಕಿಗೆ ಹೋಗಲಿಲ್ಲ.

ಆ ವರ್ಷದ ಕೊನೆಗೆ ಅಕ್ಕೋರಿಗೆ ಲಕ್ವ ಹೊಡೆಯಿತು. ಶಾಲೆಯಲ್ಲೇ ಬಿದ್ದರು. ಬಲಗೈ ಬಲಗಾಲು ಹೋದವು, ಬಾಯಿ ಸೊಟ್ಟಗಾಯಿತು, ಮಾತು ಬರಿ ಗೊರಗೊರ ಸದ್ದಾಯಿತು. ತಂದೆ ದವಾಖಾನೆಗೆ ಸಾಗಿಸೋಣವೆಂದರು. ಅವರು ಎಡಗೈಯಿಂದ ತಾವು ಮಲಗಿದ್ದ ಹೊರಸಿನ ಕಾಲನ್ನು ಬಿಗಿಯಾಗಿ ಹಿಡಿದುಕೊಂಡು ಒಲ್ಲೆನೆಂದು ತಲೆಯಾಡಿಸಿದರು. ಯಾಕೆಂದು ಎಲ್ಲರಿಗೂ ಗೊತ್ತಿತ್ತು. ದವಾಖಾನೆಗೆ ಹೋದರೆ ಆಯಾಳ ಕೈಗೆ ಬೀಳಬೇಕಾಗುತ್ತದೆ.

ಚರ್ಚಿನ ಹೆಂಗಸರು ಮೊದಮೊದಲು ಒಳಗೆ ಬಂದು ಮೈ ಒರೆಸಿದರು, ಪ್ರಾರ್ಥನೆ ಮಾಡಿದರು. ಆಮೇಲೆ ಪ್ರಾರ್ಥನೆ ಮಾತ್ರ ಉಳಿಯಿತು, ಅದೂ ಬಾಗಿಲಲ್ಲಿ ನಿಂತು. ಅಂಬಲಿ ತಂದಿಟ್ಟು ಸೆರಗಿನಿಂದ ಮೂಗು ಮುಚ್ಚಿಕೊಂಡು ಹೋಗಿಬಿಡುವರು. ಆ ಕೋಣೆಯ ವಾಸನೆಯನ್ನು ನಾನು ಬಣ್ಣಿಸುವುದಿಲ್ಲ. ಇಷ್ಟು ಹೇಳಿದರೆ ಸಾಕು: ಗಂಜಿ ಹಾಕಿದ ಸೀರೆಗಳು ಗೂಟದ ಮೇಲೆ ಹಾಗೆಯೇ ಬೆಳ್ಳಗೆ ತೂಗುತ್ತಿದ್ದವು, ಕೆಳಗೆ ಆ ಮನುಷ್ಯರು ತಮ್ಮದೇ ಹೊಲಸಿನಲ್ಲಿ ಮಲಗಿದ್ದರು. ಬೆನ್ನಿನ ಚರ್ಮ ಕೊಳೆಯತೊಡಗಿತ್ತು. ನೊಣಗಳನ್ನು ಓಡಿಸಲು ಎಡಗೈ ಒಂದೇ ಇತ್ತು. ನಮ್ಮ ತಾಯಿ ಹಾಲು ಕೊಟ್ಟು ಕಳಿಸುತ್ತಿದ್ದರು. ನಾನು ಲೋಟವನ್ನು ಹೊಸ್ತಿಲ ಒಳಗೆ ಸರಿಸಿ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆ. ಕನಿಕರ ಬರಬೇಕಿತ್ತು. ಬಂದದ್ದು ವಾಕರಿಕೆ.

ಒಂದು ಬೆಳಿಗ್ಗೆ ನಾನು ಹಾಗೆ ನಿಂತಿರುವಾಗ ಆಯಾ ಬಂದಳು. ಒಂದು ಕೈಯಲ್ಲಿ ಬಕೆಟು, ಇನ್ನೊಂದರಲ್ಲಿ ಫಿನಾಯಿಲಿನ ಸೀಸೆ, ಹೆಗಲ ಮೇಲೆ ಹಳೆಯ ಬಟ್ಟೆ. ನನ್ನನ್ನು ಪಕ್ಕಕ್ಕೆ ಸರಿಸಿ ಒಳಗೆ ನಡೆದಳು.

"ಏನ್ರೀ ಅಕ್ಕೋರ, ಎಮ್ಮಿ ಕಟ್ಟೂ ಗ್ವಾದ್ಲಿ ಚಲೋ ಐತಲ್ರೀ ಇದಕಿಂತ!"

ಅಕ್ಕೋರು ಗೋಡೆಯ ಕಡೆ ಮುಖ ತಿರುಗಿಸಿದರು. ಎಡಗೈಯಿಂದ ಹೋಗು ಹೋಗು ಎಂದು ಬೀಸಿದರು. ಆಯಾ ಆ ಕೈಯನ್ನು ಹಿಡಿದು ಹೊರಸಿನ ಮೇಲೆ ಇಟ್ಟಳು, ಹಟ ಮಾಡುವ ಮಗುವಿನ ಕೈ ಇಡುವ ಹಾಗೆ.

"ಮಾಫ್ ಮಾಡೀನಿ ಅಂತ ತಿಳ್ಕೋಬ್ಯಾಡ್ರಿ ಮತ್ತ. ಮಾಫಿ ಇಲ್ಲ, ಏನಿಲ್ಲ. ವಾಸನಿ ದವಾಖಾನಿತನಕ ಬರಾಕತ್ತೈತಿ, ಪೇಶಂಟ್ ಉಣ್ಣವಲ್ರು. ಅದಕ್ಕ ಬಂದೀನಿ." ನನ್ನ ಕಡೆ ತಿರುಗಿದಳು. "ತಂಗಿ, ಮೂಗ ಮುಚ್ಕೊಂಡು ನಿಂತ್ರ ನೀರು ತಾನ ನಡದು ಬರತೈತೇನು? ಸೇದಿ ತಾ."

ನಾನು ಬಾವಿಯಿಂದ ನೀರು ತಂದುಕೊಟ್ಟೆ. ಅವಳು ತೊಳೆಯುತ್ತಾ ಮಾತಾಡುತ್ತಲೇ ಇದ್ದಳು. ಅವಳ ಕೈ ನಿಲ್ಲುತ್ತಿರಲಿಲ್ಲ, ನಾಲಿಗೆಯೂ ನಿಲ್ಲುತ್ತಿರಲಿಲ್ಲ.

"ನನ್ನ ಹಿಡಿಜೋಳ ಕೋಳಿಗೆ ಹಾಕಿದ್ರಿ. ಕೋಳಿ ತತ್ತಿ ಇಟ್ಟುವು. ತತ್ತಿ ನೀವ್ ತಿಂದ್ರಿ. ನೋಡ್ರಿ ಈಗ, ಊರೆಲ್ಲಾ ಸುತ್ತಾಡಿ ತಿರುಗಿ ನನ್ನ ಕೈಗೇ ಬಂದೈತಿ!"

ಹೇಳಿ ತಾನೇ ಗಹಗಹಿಸಿ ನಕ್ಕಳು. ನನಗೆ ನಗು ಬರಲಿಲ್ಲ. ಹೊರಗೆ ಓಡಿ ಬೇವಿನ ಮರದ ಬುಡದಲ್ಲಿ ವಾಂತಿ ಮಾಡಿದೆ.

ಮರಳಿ ಬಂದಾಗ ಕೋಣೆ ಒದ್ದೆಯಾಗಿತ್ತು, ಹೊರಸಿನ ಮೇಲೆ ಒಣಗಿದ ಬಟ್ಟೆ ಹಾಸಿತ್ತು. ಅಕ್ಕೋರು ಎಡಗೈಯಿಂದ ಮೂಲೆಯಲ್ಲಿದ್ದ ಟ್ರಂಕನ್ನು ತೋರಿಸುತ್ತಿದ್ದರು. ಗಂಟಲಿನಿಂದ ಬರುವ ಸದ್ದಿನಲ್ಲಿ ಒಂದು ಒತ್ತಾಯವಿತ್ತು. ಟ್ರಂಕು, ಆಯಾ, ಟ್ರಂಕು, ಆಯಾ, ಹೀಗೆ ಕೈ ಓಡಾಡಿತು. ಆಯಾ ಮುಚ್ಚಳ ತೆಗೆದಳು. ಮೇಲೆಯೇ ಒಂದು ಹೊಸ ಸೀರೆ ಇತ್ತು, ಮಡಿಕೆ ಬಿಚ್ಚದ್ದು.

"ಸೀರಿ? ನನಗಾ?" ಅದನ್ನು ಮುಟ್ಟದೆ ಮುಚ್ಚಳ ಹಾಕಿದಳು. "ಒಲ್ಲೆ. ಕೂಲಿ ಅಲ್ರೀ ಇದು. ಮಸ್ಕಿ ಸಂತ್ಯಾಗ ಗಂಟಲ ಹರಕೊಂಡು ಏನ್ ಹೇಳ್ತಿದ್ರಿ? ಪುಕ್ಕಟ್ಟೆ ಅಂತಿದ್ರಲಾ? ತಗೋರಿ. ಇದೂ ಪುಕ್ಕಟ್ಟೆ."

ಅಕ್ಕೋರ ಕಣ್ಣಿನಿಂದ ನೀರು ಇಳಿಯಿತು. ಅದು ಪಶ್ಚಾತ್ತಾಪ ಎಂದು ಬರೆದರೆ ಓದುವವರಿಗೆ ಹಿತವಾಗುತ್ತಿತ್ತೇನೋ. ನಾನು ಹತ್ತಿರದಲ್ಲಿದ್ದೆ, ಅದು ಸಿಟ್ಟಿನ ನೀರು. ಆಯಾ ಹೋದ ಮೇಲೂ ಅವರು ಟ್ರಂಕನ್ನು ತೋರಿಸುತ್ತಲೇ ಇದ್ದರು, ನನಗೆ, ಗೋಡೆಗೆ, ಯಾರಿಗೂ ಅಲ್ಲದೆ. ಸೀರೆ ಕೊಟ್ಟುಬಿಟ್ಟರೆ ಅದು ಕೆಲಸವಾಗುತ್ತಿತ್ತು, ಮುಗಿದುಹೋಗುತ್ತಿತ್ತು. ಸುಮ್ಮನೆ ಪಡೆಯುವುದನ್ನು ಊರಿಗೆಲ್ಲ ಕಲಿಸಿದವರಿಗೆ ಅದೊಂದು ಮಾತ್ರ ಬರುತ್ತಿರಲಿಲ್ಲ.

ಆಯಾ ದಿನವೂ ಬರತೊಡಗಿದಳು. ಸುದ್ದಿ ಆವರಣದಲ್ಲೆಲ್ಲ ಹರಡಿತು. ಪಾದ್ರಿಯವರು ಬರುವ ರವಿವಾರ ಹತ್ತಿರವಾದಾಗ ಹೆಂಗಸರೆಲ್ಲ ನಮ್ಮ ಪಡಸಾಲೆಯಲ್ಲಿ ಸೇರಿ ಮಾತಾಡಿದರು. ನಮ್ಮ ತಾಯಿಯೇ ತೀರ್ಮಾನ ಹೇಳಿದರು.

"ಪಾಪ, ಎಷ್ಟ್ ಸೇವಾ ಮಾಡ್ಯಾಳ ಆಕಿ. ಇನ್ನ ಜಮಖಾನಿ ಮ್ಯಾಲ ಕರ್ಕೊಳೂದು ನ್ಯಾಯ. ದುಡದು ಗಳಿಸ್ಕೊಂಡಾಳ."

ಎಲ್ಲರೂ ಹೌದೆಂದರು. ಕೆಲವರ ಕಣ್ಣು ಒದ್ದೆಯಾದವು. ಒಬ್ಬರಿಗೂ ತಾವು ಹೇಳಿದ್ದು ಕೇಳಿಸಲಿಲ್ಲ. ಇಷ್ಟು ದಿನ ಕಲ್ಲಿನ ಮೇಲೆ ಕೂರಿಸಿದ್ದಕ್ಕಿಂತ ಈ ಔದಾರ್ಯ ನನಗೆ ಹೆಚ್ಚು ಹೇಸಿಗೆ ತಂದಿತು.

ಆಯಾಳನ್ನು ಕರೆಸಿ ವಿಷಯ ಹೇಳಿದರು. ಅವಳು ಅಂಗಳದಲ್ಲೇ ನಿಂತು ಕೇಳಿದಳು. ಆ ರೊಟ್ಟಿಗಾಗಿ ಎಷ್ಟು ಆಸೆಪಟ್ಟವಳು, ಮುಖದಲ್ಲಿ ಬಣ್ಣ ಏರಿದ್ದು ಕಾಣಿಸಿತು. ಆಮೇಲೆ ಇಳಿಯಿತು.

"ಅಮ್ಮಾರ, ಹೇಲು ಬಳದದ್ದಕ್ಕ ನನಗ ದವಾಖಾನ್ಯಾಗ ಪಗಾರ ಐತ್ರಿ. ಅದರ ಮ್ಯಾಲೊಂದು ಜಮಖಾನಿ ಬ್ಯಾಡ."

"ಹುಚ್ಚಿ, ರೊಟ್ಟಿ ಸಿಗತೈತಲೇ. ಕೇಳಿದ್ದಿಲ್ಲೇನು ನೀನ?"

"ಕೇಳಿದ್ನಿ. ಏನೂ ಮಾಡದ ಬಂದಾಗ ಕರದಿದ್ರ ಓಡಿ ಬರ್ತಿದ್ನಿ." ಸೆರಗು ಸಿಕ್ಕಿಸಿಕೊಂಡು ಹೊರಟುಹೋದಳು. ಸೊಕ್ಕು ನೋಡಿ ಎಂದರು ಯಾರೋ.

ಆ ರವಿವಾರ ಅಕ್ಕೋರನ್ನು ಕೌದಿಯಲ್ಲಿ ಎತ್ತಿಕೊಂಡು ಚರ್ಚಿಗೆ ತಂದರು. ಅವರದ್ದೇ ಒತ್ತಾಯ, ಬೆಳಿಗ್ಗೆಯಿಂದ ಎಡಗೈ ಚರ್ಚಿನ ಗೋಡೆಯನ್ನು ಬಡಿಯುತ್ತಿತ್ತಂತೆ. ಅವರ ಹಳೆಯ ಜಾಗದಲ್ಲಿ, ಮುಂದಿನ ಸಾಲಿನ ನಡುವೆ, ಜಮಖಾನೆಯ ಮೇಲೆ ಮಲಗಿಸಿದರು. ಬಿಳಿ ಸೀರೆ ಉಡಿಸಿದ್ದರು. ಆಯಾ ಎಂದಿನಂತೆ ಅಂಚಿನಿಂದಾಚೆ ಕಲ್ಲಿನ ಮೇಲೆ ಕೂತಿದ್ದಳು. ಪಾದ್ರಿಯವರು ರಾಯಚೂರಿನಿಂದ ತಂದ ಡಬ್ಬಲ್ ರೊಟ್ಟಿಯನ್ನು ತಟ್ಟೆಯಲ್ಲಿ ಮುರಿದಿಟ್ಟು ಪ್ರಾರ್ಥನೆ ಶುರುಮಾಡಿದರು. ಎಲ್ಲರೂ ಕಣ್ಣು ಮುಚ್ಚಿದ್ದೆವು.

ಮೊದಲು ವಾಸನೆ ಬಂತು. ಆಮೇಲೆ ಯಾರೋ ಅಯ್ಯೋ ಎಂದರು. ಕಣ್ಣು ತೆರೆದಾಗ ಅಕ್ಕೋರ ಸುತ್ತ ಕೂತವರು ಎದ್ದು ಹಿಂದೆ ಸರಿಯುತ್ತಿದ್ದರು. ಕೌದಿಯಂಚಿನಿಂದ ಜಮಖಾನೆಯ ಮೇಲೆ ಹಳದಿಯಾಗಿ ಹರಡುತ್ತಿತ್ತು, ಕೆಂಪು ಪಟ್ಟೆಯಿಂದ ನೀಲಿಗೆ. ಅಕ್ಕೋರ ಕಣ್ಣು ಅಗಲವಾಗಿ ತೆರೆದಿದ್ದವು. ಅವರಿಗೆ ಎಲ್ಲವೂ ತಿಳಿಯುತ್ತಿತ್ತು.

ಎಲ್ಲರ ಮುಖಗಳೂ ಹಿಂದಕ್ಕೆ, ಆಯಾಳ ಕಡೆಗೆ ತಿರುಗಿದವು. ಅವಳು ಅಲುಗಲಿಲ್ಲ.

"ಇವತ್ತ ರವಿವಾರ್ರೀ," ಎಂದಳು. "ನನಗ ಸೂಟಿ."

ಹೀಗಾಗಿ ನಮ್ಮ ತಾಯಿ ಮತ್ತು ಇನ್ನು ಕೆಲವರು, ಮೂಗಿನ ಮೇಲೆ ಸೆರಗು ಬಿಗಿದುಕೊಂಡು, ಜಮಖಾನೆಯನ್ನು ಒಂದು ತುದಿಯಿಂದ ಸುತ್ತುತ್ತಾ ಬಂದರು. ಅದಕ್ಕೆ ಮೊದಲು ಅಕ್ಕೋರನ್ನು ಕೌದಿಯ ಸಮೇತ ಎಳೆದು, ವಾಸನೆ ಮುಂದೆ ಬರಬಾರದೆಂದು, ಹಿಂದಿನ ಗೋಡೆಯ ಹತ್ತಿರ ಬಿಟ್ಟರು. ಆಯಾಳ ಪಕ್ಕದಲ್ಲಿ. ಆಯಾ ತುಸು ಸರಿದು ಜಾಗ ಕೊಟ್ಟಳು. ಅಕ್ಕೋರ ತೊಡೆಯ ಮೇಲಿಂದ ಸರಿದಿದ್ದ ಸೀರೆಯನ್ನು ಎಳೆದು ಮುಚ್ಚಿದಳು. ಅಷ್ಟೇ. ಜಮಖಾನೆಯನ್ನು ಬ್ಯಾಂಡೇಜಿನಂತೆ ಸುತ್ತಿ ಹೊರಗೆ ಒಯ್ದರು. ತಿರುಗಿ ಬಂದವರು ಎಲ್ಲೆಂದರಲ್ಲಿ ಕಲ್ಲಿನ ಮೇಲೆ ಕೂತರು. ನೆಲ ಒಂದೇ ಸಮ, ಬೂದುಬಣ್ಣದ ಕಲ್ಲು, ಗೋಡೆಯಿಂದ ಗೋಡೆಗೆ. ಅಂಚು ಎಲ್ಲಿತ್ತೆಂದು ನೆನಪಿನಿಂದ ಹೇಳಬೇಕಾಗಿತ್ತು.

ಪಾದ್ರಿಯವರು ತಟ್ಟೆ ಹಿಡಿದು ಕೊಡುತ್ತಾ ಬಂದರು. ಕೊನೆಗೆ ಹಿಂದಿನ ಗೋಡೆಯ ಹತ್ತಿರ ಬಂದರು. ಉಸಿರು ಬಿಗಿಹಿಡಿದು ಬಾಗಿ, ಅಕ್ಕೋರ ಸೊಟ್ಟ ಬಾಯಿಯಲ್ಲಿ ರೊಟ್ಟಿಯ ಚೂರು ಇಟ್ಟರು. ಆಯಾ ನೆಲ ನೋಡುತ್ತಿದ್ದಳು. ಅವರು ಅವಳನ್ನು ದಾಟಿ ತಿರುಗಿದರು.

ಆಗ ಅಕ್ಕೋರ ಎಡಗೈ ಅವರ ಬಿಳಿ ನಿಲುವಂಗಿಯನ್ನು ಹಿಡಿಯಿತು.

ಆ ಕೈ ಸ್ವಚ್ಛವಾಗಿರಲಿಲ್ಲ. "ಬಿಡ್ರಿ ಅಕ್ಕೋರ," ಎಂದರು ಪಾದ್ರಿಯವರು ತಗ್ಗಿದ ದನಿಯಲ್ಲಿ. ಬಿಡಲಿಲ್ಲ. "ಬಿಡ್ರಿ, ಬಿಡ್ರಿ." ಎಳೆದುಕೊಂಡಷ್ಟೂ ಬೆರಳುಗಳು ಬಿಗಿಯಾದವು, ನಿಲುವಂಗಿಯ ಮೇಲೆ ಕಲೆ ಅಗಲವಾಯಿತು. ಅಕ್ಕೋರು ಬಾಯಿಯಲ್ಲಿದ್ದ ಚೂರನ್ನು ನುಂಗಿರಲಿಲ್ಲ. ಪಾದ್ರಿಯವರನ್ನು ನೋಡುತ್ತಿರಲಿಲ್ಲ, ಆಯಾಳನ್ನೂ ನೋಡುತ್ತಿರಲಿಲ್ಲ, ತಟ್ಟೆಯನ್ನು ನೋಡುತ್ತಿದ್ದರು. ಪಾದ್ರಿಯವರು ಕಲೆಯನ್ನು ನೋಡಿದರು. ಅವರ ಮುಖದಲ್ಲಿದ್ದದ್ದು ನನಗೆ ಚೆನ್ನಾಗಿ ಗೊತ್ತು, ಆ ಕೋಣೆಯ ಹೊಸ್ತಿಲಲ್ಲಿ ನನ್ನ ಮುಖದಲ್ಲೂ ಅದೇ ಇರುತ್ತಿತ್ತು. ತಟ್ಟೆಯಿಂದ ಒಂದು ಚೂರು ತೆಗೆದು ಆಯಾಳ ಕೈಗೆ ಹಾಕಿದರು. ಅಕ್ಕೋರ ಬೆರಳುಗಳು ಸಡಿಲಾದವು.

ಆಯಾ ಅದನ್ನು ಸ್ವಲ್ಪ ಹೊತ್ತು ಅಂಗೈಯಲ್ಲೇ ಇಟ್ಟುಕೊಂಡಿದ್ದಳು. ಬೇಡವೆನ್ನುತ್ತಾಳೆಂದು ನಾನು ಕಾದೆ. ತಿಂದಳು.

ಆರಾಧನೆ ಮುಗಿದ ಮೇಲೆ ಬಾವಿಯ ಹತ್ತಿರ ಸಿಕ್ಕಳು. ಅವತ್ತು ಬೇಡವೆಂದವಳು ಇವತ್ತು ಹೇಗೆ ತಿಂದೆ ಎಂದು ಕೇಳಿದೆ.

"ಇವತ್ತ ನಾ ಏನ್ ಮಾಡೀನಿ ತಂಗಿ? ಏನೂ ಮಾಡಿಲ್ಲ, ಸೂಟಿ ಮ್ಯಾಲ ಕುಂತಿದ್ನಿ. ಕೈಯಾಗ ಬಂದು ಬಿತ್ತು, ತಿಂದೆ." ಕೊಡ ತಲೆಗೇರಿಸುತ್ತಾ ಅಂದಳು: "ಒಣಗಿತ್ತು ಬೇ. ಗಂಟಲದಾಗ ಸಿಕ್ಕೊಂತು."

ಅಕ್ಕೋರ ಮನಸ್ಸು ಕರಗಿತು ಎಂದು ಆವರಣದಲ್ಲಿ ಕಥೆ ಹುಟ್ಟಿತು. ನಾನು ನೋಡಿದ್ದು ಒಂದು ಕೈ, ಒಂದು ಕಲೆ. ಮರುದಿನ ಬೆಳಿಗ್ಗೆ ಆಯಾ ಮೈ ತೊಳೆಯುವಾಗ ಅವರು ಮತ್ತೆ ಟ್ರಂಕನ್ನು ತೋರಿಸಿದರು, ಅವಳು ಮತ್ತೆ ಒಲ್ಲೆನೆಂದಳು. ಜೋಳದ ಸುಗ್ಗಿಗೆ ಮೊದಲೇ ಅಕ್ಕೋರು ತೀರಿಕೊಂಡರು. ಆ ಹೊಸ ಸೀರೆಯನ್ನೇ ಅವರಿಗೆ ಹೊದಿಸಿದರು. ಮುಂದಿನ ತಿಂಗಳು ಜಮಖಾನೆ ಚೆನ್ನಾಗಿ ಒಗೆದು ಒಣಗಿ ಬಂದು ನೆಲದ ಮೇಲೆ ಹಾಸಿಕೊಂಡಿತು, ಅದರ ಜೊತೆಗೆ ಅಂಚೂ ಬಂತು. ಆದರೆ ಹತ್ತಿರ ಹೋದರೆ ಆ ವಾಸನೆ ಇತ್ತು. ಆಯಾ ಕೆಲವು ರವಿವಾರ ಕಲ್ಲಿನ ಮೇಲೆ ಕೂತು ರಾಗ ತಪ್ಪಿ ಹಾಡಿದಳು. ಆಮೇಲೆ ಟಾಂಗಾದವನು ಟಾಂಗಾ ಮಾರಿ ಕಾಲುವೆ ಕೆಲಸಕ್ಕೆಂದು ಜವಳಗೇರಾ ಕಡೆ ಹೊರಟ, ಅವಳೂ ಹೋದಳು. ನಾನು ಹೈದರಾಬಾದಿಗೆ ಹೋದೆ.

ಮಸ್ಕಿಯ ಸಂತೆಯಲ್ಲಿ ಅಕ್ಕೋರು ಹೇಳುತ್ತಿದ್ದ ಮಾತನ್ನು ನಾನು ಓದಿನ ವರ್ಷಗಳಲ್ಲಿ ಬಿಟ್ಟುಬಿಡಲು ನೋಡಿದೆ, ಆಗಲಿಲ್ಲ. ಆ ಮಾತು ನಿಜವೆಂದಾದರೆ ಆಯಾಳಿಗೆ ಸಿಕ್ಕ ಹಾಗೆಯೇ ಅಕ್ಕೋರಿಗೂ ಸಿಕ್ಕಿರಬೇಕು. ಹಸಿದವಳ ಜೋಳವನ್ನು ಕೋಳಿಗೆ ಚೆಲ್ಲಿದ ಕೈಗೂ, ಏನನ್ನೂ ಕೇಳದೆ, ಪುಕ್ಕಟೆ. ಅದನ್ನು ಯೋಚಿಸಿದರೆ ಆ ಕೋಣೆಯ ವಾಸನೆಗಿಂತ ಹೆಚ್ಚು ಹೇಸಿಗೆ ಬರುತ್ತದೆ. ಅವರಿಗೆ ಸಿಗಬಾರದು ಎನಿಸುತ್ತದೆ. ಅವರಿಗೆ ಸಿಗದಿದ್ದರೆ ಯಾರಿಗೂ ಸಿಗುವುದಿಲ್ಲ ಎಂಬುದೂ ಗೊತ್ತಿದೆ...

ಬಾಗಿಲು ಬಡಿದ ಸದ್ದಾಯಿತು. ಮನೆಯೊಡತಿ. ಶಾಲೆ ಕಲಿಸುವವಳಾದ್ದರಿಂದ ಇಲ್ಲಿ ಎಲ್ಲರೂ ನನ್ನನ್ನು ಕರೆಯುವ ಹಾಗೆಯೇ ಅವರೂ ಕರೆದರು.

"ಅಕ್ಕೋರ, ಮಾಡ ಆಗೈತ್ರೀ, ಮಳಿ ಬರೂಹಂಗೈತಿ. ಒಂಚೂರು ಆ ತುದಿ ಹಿಡೀರಿ ಬರ್ರಿ, ಒಳಗ ಹಾಕೂನು."

ಹೋಗಿ ಹಿಡಿದೆ. ಜಮಖಾನೆ ಇನ್ನೂ ಹಸಿಯಾಗಿತ್ತು, ಭಾರವಾಗಿತ್ತು. ನಾಲ್ಕು ಮಡಿಕೆ ಮಾಡಿ ಪಡಸಾಲೆಯಲ್ಲಿಟ್ಟೆವು. ಕೋಣೆಗೆ ಬಂದು ಕೈ ಮೂಸಿ ನೋಡಿಕೊಂಡೆ. ಸೋಪು ಹಚ್ಚಿ ತೊಳೆದೆ, ಹೋಗಲಿಲ್ಲ. ಹಿತ್ತಿಲಿನಿಂದ ಒಂದು ಬೇವಿನ ಕಡ್ಡಿ ಮುರಿದುಕೊಂಡು ಬಂದು, ದೀಪದ ಹತ್ತಿರ ಕೂತು, ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಒಂದೊಂದೇ ಉಗುರಿನ ಸಂದಿ ಕೆರೆದೆ. ಎಡಗೈಯದ್ದು ಚೆನ್ನಾಗಿ ಬಂತು. ಬಲಗೈಯದ್ದು ತೆಗೆಯಲು ಇನ್ನೊಬ್ಬರು ಬೇಕಿತ್ತು.